ವಚನದ ಅರ್ಥ ಕೇಳಿದವರ ಜೊತೆ ಕುಳಿತು ಓದುವ ಬಗೆ

ಯಾರಾದರೂ ಬಂದು "ಈ ವಚನದ ಅರ್ಥವೇನು?" ಎಂದು ಕೇಳಿದಾಗ ನಾನು ತಕ್ಷಣ ಉತ್ತರ ಹೇಳುವುದಿಲ್ಲ. ಸತ್ಯವೇದ, ಅಂದರೆ ಬೈಬಲ್, ತೆರೆಯಿರಿ ಎನ್ನುತ್ತೇನೆ. ಅವರ ಪುಸ್ತಕ, ಅವರ ಕೈಯಲ್ಲೇ. ಸಭೆಯಲ್ಲಿ ಅಧ್ಯಯನ ಗುಂಪು ನಡೆಸುವ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಆ ವಚನದ ಹಿಂದೆ ಮುಂದೆ ಇರುವ ಹತ್ತು ಹದಿನೈದು ಸಾಲುಗಳಲ್ಲೇ ಇರುತ್ತದೆ. ನಾನೇ ಹೇಳಿಬಿಟ್ಟರೆ ಅವರು ನನ್ನ ಮಾತನ್ನು ನಂಬಿ ಹೋಗುತ್ತಾರೆ. ತಾವೇ ಓದಿ ಕಂಡುಕೊಂಡರೆ ದೇವರ ವಾಕ್ಯವನ್ನು ನಂಬಿ ಹೋಗುತ್ತಾರೆ. ಬೆರೋಯ ಎಂಬ ಊರಿನವರು, ಯೇಸುವಿನ ಸಂದೇಶ ಸಾರಲು ಕಳುಹಿಸಲ್ಪಟ್ಟ ಅಪೊಸ್ತಲನಾದ ಪೌಲ ಹೇಳಿದ್ದನ್ನು ಸಿದ್ಧಮನಸ್ಸಿನಿಂದ ಕೇಳಿಸಿಕೊಂಡರೂ ಅದು ನಿಜವೋ ಎಂದು ಪ್ರತಿದಿನವೂ ಶಾಸ್ತ್ರಗಳನ್ನು ಶೋಧಿಸಿ ನೋಡಿದರೆಂದು ಅಪೊಸ್ತಲರ ಕೃತ್ಯಗಳು 17:11ರಲ್ಲಿದೆ. ಅಲ್ಲಿ ಅವರಿಗೆ ಸಿಕ್ಕಿರುವುದು ಹೊಗಳಿಕೆ. ಅಪೊಸ್ತಲನ ಬೋಧನೆಗೇ ಆ ಪರೀಕ್ಷೆ ಇತ್ತೆಂದ ಮೇಲೆ ನನ್ನ ನಿಮ್ಮ ಮಾತಿಗೆ ಇರಲೇಬೇಕು.

ಯೇಸು ಸ್ವಾಮಿಯೂ ಹೀಗೆಯೇ ಮಾಡಿದನು. ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳಿದ ಧರ್ಮೋಪದೇಶಕನಿಗೆ ಆತನು, ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ, ನೀನು ಹೇಗೆ ಓದುತ್ತೀ ಎಂದು ತಿರುಗಿ ಕೇಳಿದ್ದು ಲೂಕ 10ರಲ್ಲಿದೆ. ಅದರ ಜೊತೆಗೆ ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಈ ವಚನ ಈಗೇಕೆ ನಿಮ್ಮನ್ನು ಕಾಡುತ್ತಿದೆ? ಸುಮ್ಮನೆ ಓದುವಾಗ ಎದುರಾದದ್ದೋ, ಯಾರಾದರೂ ಹೇಳಿ ಹೆದರಿಸಿದರೋ, ಮನೆಯಲ್ಲಿ ಏನಾದರೂ ನಡೆದಿದೆಯೋ? ಒಂದೇ ವಚನವನ್ನು ಮೂರು ಜನ ಮೂರು ಕಾರಣಕ್ಕೆ ಕೇಳುತ್ತಾರೆ. ಕಾರಣ ತಿಳಿಯದೆ ಕೊಟ್ಟ ಉತ್ತರ ಸರಿಯಾಗಿದ್ದರೂ ಅವರಿಗೆ ತಲುಪುವುದಿಲ್ಲ.

ಇದು ಎಷ್ಟು ಮುಖ್ಯವೆಂಬುದು ಕ್ಷಮೆಯಿಲ್ಲದ ಪಾಪದ ಪ್ರಶ್ನೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲ ಎಂಬ ಮಾತನ್ನು ಓದಿ, "ನಾನು ಅದನ್ನು ಮಾಡಿಬಿಟ್ಟಿದ್ದೇನೆಯೇ?" ಎಂದು ಕೇಳುವವರು ಸಾಮಾನ್ಯವಾಗಿ ತಣ್ಣಗೆ ಕೇಳುವುದಿಲ್ಲ. ನಿದ್ರೆಗೆಟ್ಟಿರುತ್ತಾರೆ. ಬೇಡವೆಂದರೂ ಒಂದು ಕೆಟ್ಟ ಮಾತು ಮನಸ್ಸಿನಲ್ಲಿ ಹಾದುಹೋಗಿರುತ್ತದೆ. ಅಷ್ಟಕ್ಕೇ ತಾವು ನಾಶವಾದೆವೆಂದು ತೀರ್ಮಾನಿಸಿರುತ್ತಾರೆ. ಅವರ ಜೊತೆ ಮಾರ್ಕ 3ನ್ನು 20ನೆಯ ವಚನದಿಂದ 35ರವರೆಗೆ ನಿಧಾನವಾಗಿ, ಗಟ್ಟಿಯಾಗಿ ಓದಿ. ಯೇಸು ಮಾತನಾಡುತ್ತಿರುವುದು ಯಾರೊಂದಿಗೆ? ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳೊಂದಿಗೆ. ಅವರು ಹೇಳಿದ್ದೇನು? ದೆವ್ವ ಬಿಡಿಸುವ ಆತನ ಕೆಲಸವನ್ನು ಕಣ್ಣಾರೆ ಕಂಡೂ ಇದು ದೆವ್ವಗಳ ಒಡೆಯ ಬೆಲ್ಜೆಬೂಲನ ಬಲದಿಂದ ಆಗುತ್ತಿದೆ ಎಂದರು. 30ನೆಯ ವಚನದ ಮೇಲೆ ಬೆರಳಿಡಲು ಹೇಳಿ. ಯೇಸು ಆ ಎಚ್ಚರಿಕೆ ಕೊಟ್ಟದ್ದೇಕೆಂದು ಮಾರ್ಕನೇ ಅಲ್ಲಿ ಬರೆದಿದ್ದಾನೆ: ಆತನಿಗೆ ಅಶುದ್ಧಾತ್ಮ ಹಿಡಿದಿದೆ ಎಂದು ಅವರು ಹೇಳುತ್ತಿದ್ದುದರಿಂದ. ದೇವರ ಕೆಲಸವೆಂದು ಕಂಡದ್ದನ್ನೇ ಸೈತಾನನದೆಂದು ಹೇಳುತ್ತಾ ಅದರಲ್ಲೇ ನಿಂತುಬಿಡುವ ಮನಸ್ಸಿನ ಕುರಿತು ಆ ಮಾತು. ಕ್ಷಮೆ ಸಿಗದೇ ಹೋದೀತೆಂದು ಅಳುತ್ತಿರುವ ಮನಸ್ಸು ಅದಲ್ಲ.

ಇಲ್ಲಿಗೇ ನಿಲ್ಲಿಸಬೇಡಿ. 28ನೆಯ ವಚನಕ್ಕೆ ಹಿಂತಿರುಗಿ. ಮನುಷ್ಯರು ಮಾಡುವ ಎಲ್ಲಾ ಪಾಪಗಳಿಗೂ ಆಡುವ ದೂಷಣೆಗಳಿಗೂ ಕ್ಷಮೆ ಉಂಟೆಂದು ಯೇಸು ಮೊದಲು ಹೇಳಿರುವುದನ್ನು ಹೆದರಿದವರು ಓದಿಯೇ ಇರುವುದಿಲ್ಲ, ಕಣ್ಣು ನೇರವಾಗಿ 29ಕ್ಕೆ ಹೋಗಿರುತ್ತದೆ. ಆಮೇಲೆ ಪೇತ್ರನನ್ನು ನೋಡಿ. ಮಾರ್ಕ 14:71ರಲ್ಲಿ ಅವನು ಶಪಿಸಿಕೊಂಡು, ಆಣೆಯಿಟ್ಟು ಆ ಮನುಷ್ಯನನ್ನು, ಅಂದರೆ ಯೇಸುವನ್ನು, ಅರಿಯೆನೆಂದನು. 16:7ರಲ್ಲಿ ಬರಿದಾದ ಸಮಾಧಿಯ ಬಳಿಯಿಂದ ಹೊರಟ ಸಂದೇಶದಲ್ಲಿ ಶಿಷ್ಯರ ಪೈಕಿ ಪೇತ್ರನ ಹೆಸರನ್ನೇ ಪ್ರತ್ಯೇಕವಾಗಿ ಹೇಳಲಾಗಿದೆ. ತಾನು ಹಿಂದೆ ದೂಷಕನಾಗಿದ್ದೆನೆಂದು ಪೌಲನೇ 1 ತಿಮೊಥೆಯನಿಗೆ 1:13ರಲ್ಲಿ ಬರೆದಿದ್ದಾನೆ. ಕರುಣೆ ದೊರೆಯಿತೆಂದೂ ಅದೇ ವಚನದಲ್ಲಿದೆ. ಇಷ್ಟು ಓದುವಷ್ಟರಲ್ಲಿ ಎದುರಿಗಿದ್ದವರ ಉಸಿರಾಟವೇ ಬದಲಾಗುವುದನ್ನು ನಾನು ಕಂಡಿದ್ದೇನೆ. ಆದರೆ ಅದೇ ಭಯ ಮರುದಿನ, ಅದರ ಮರುದಿನ ಹಿಂತಿರುಗುತ್ತಿದ್ದರೆ, ಊಟ ನಿದ್ರೆ ಬಿಟ್ಟುಹೋಗುತ್ತಿದ್ದರೆ, ಪ್ರತಿದಿನ ಹೊಸದಾಗಿ ಪಾಪ ನಿವೇದನೆ ಮಾಡಿಸುತ್ತಾ ಕೂರಬೇಡಿ. ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಬೇಡದ ಯೋಚನೆಗಳು ಬಲವಂತವಾಗಿ ಮರುಕಳಿಸುವ ಕಾಯಿಲೆ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ. ಅಲ್ಲಿಗೆ ಹೋಗುವುದು ನಂಬಿಕೆಯ ಕೊರತೆಯಲ್ಲ.

ಹಿಂದೆ ಮುಂದೆ ಓದುವ ಅಭ್ಯಾಸ ಜನರಿಗೆ ಇಲ್ಲದಿರುವುದಕ್ಕೆ ಅಂಕಿಗಳೂ ಒಂದು ಕಾರಣ. ಪೌಲ ಪತ್ರ ಬರೆದಾಗ ಅದರಲ್ಲಿ ಅಧ್ಯಾಯವೂ ಇರಲಿಲ್ಲ, ವಚನ ಸಂಖ್ಯೆಯೂ ಇರಲಿಲ್ಲ. ಇಂದು ನಾವು ಬಳಸುವ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ ಆರಂಭದ್ದು, ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದೆನ್ನುತ್ತಾರೆ. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು 1551ರಲ್ಲಿ ರೊಬೆರ್ ಎತಿಯೆನ್ ಎಂಬ ಮುದ್ರಕನ ಆವೃತ್ತಿಯಲ್ಲಿ ಬಂದವು. ಹುಡುಕಲು ಅವು ಬಹಳ ಅನುಕೂಲ. ಆದರೆ ತನ್ನ ಮಾತು ಒಂದು ಅಂಕಿಯಲ್ಲಿ ಆರಂಭವಾಗಿ ಅದೇ ಅಂಕಿಯೊಳಗೆ ಮುಗಿಯುವಂತೆ ಪೌಲ ಯೋಚಿಸಿ ಬರೆದಿರಲಿಲ್ಲ. ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎಂಬ ಫಿಲಿಪ್ಪಿಯವರಿಗೆ 4:13ನ್ನು ಗೋಡೆಗೆ ತೂಗುಹಾಕಿಕೊಂಡವರಿಗೆ 10ರಿಂದ ಓದಿಸಿ ನೋಡಿ: ಸೆರೆಯಲ್ಲಿರುವವನು, ಹೊಟ್ಟೆತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರಲು ಕಲಿತೆನೆನ್ನುತ್ತಿದ್ದಾನೆ. ಪರೀಕ್ಷೆಯ ಫಲಿತಾಂಶಕ್ಕಾಗಿ, ನಿಮ್ಮ ಕುರಿತ ನನ್ನ ಯೋಚನೆ ಅಹಿತದ್ದಲ್ಲ, ಹಿತದ್ದೇ ಎಂಬ ಯೆರೆಮೀಯ 29:11ನ್ನು ಹಿಡಿದುಕೊಂಡವರಿಗೆ ಅದಕ್ಕೆ ಮೊದಲಿನ ವಚನವನ್ನು ತೋರಿಸಿ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರವದು, ಅಲ್ಲಿ ಎಪ್ಪತ್ತು ವರ್ಷ ಎಂದಿದೆ. ಅದನ್ನು ಕೇಳಿಸಿಕೊಂಡವರಲ್ಲಿ ಅನೇಕರು ಹಿಂತಿರುಗುವ ದಿನವನ್ನು ಕಾಣಲಾರದವರು. ಅಂಥವರಿಗೂ ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ ಎಂದ ದೇವರು ಇಂದಿನವರನ್ನೂ ಕೈಬಿಡುವುದಿಲ್ಲ. ವಾಗ್ದಾನ ಇದರಿಂದ ಚಿಕ್ಕದಾಗುವುದಿಲ್ಲ. ಫಲಿತಾಂಶ ಕೈಕೊಟ್ಟ ದಿನವೂ ಅದು ನಿಲ್ಲುತ್ತದೆ.

ಯೇಸುವಿನ ಕಠಿಣ ಮಾತುಗಳಿಗೆ ಇನ್ನೂ ಒಂದು ಹೆಜ್ಜೆ ಬೇಕು: ಆತನು ಹೇಳಿದ್ದನ್ನು ಆತನು ಬದುಕಿದ ರೀತಿಯ ಪಕ್ಕದಲ್ಲಿಟ್ಟು ಓದುವುದು. ಲೂಕ 14:26ರಲ್ಲಿ, ತನ್ನ ಬಳಿಗೆ ಬರುವವನು ತಂದೆತಾಯಿಯನ್ನು ಹಗೆಮಾಡದಿದ್ದರೆ ಶಿಷ್ಯನಾಗಲಾರನು ಎಂದಿದೆ. ಹೊಸದಾಗಿ ನಂಬಿದವರು ಇದನ್ನು ಓದಿ ಬೆಚ್ಚಿಬೀಳುತ್ತಾರೆ, ಕೆಲವರು ಮನೆಯವರೊಡನೆ ಮಾತು ಬಿಡುವುದೇ ಶಿಷ್ಯತ್ವವೆಂದು ತಿಳಿಯುತ್ತಾರೆ. ಅವರಿಗೆ ಮತ್ತಾಯ 10:37 ತೋರಿಸಿ. ಅದೇ ಬೋಧನೆ ಅಲ್ಲಿ ತಂದೆತಾಯಿಯನ್ನು ನನಗಿಂತ ಹೆಚ್ಚಾಗಿ ಪ್ರೀತಿಸುವವನು ಎಂಬ ರೂಪದಲ್ಲಿದೆ. ಆಮೇಲೆ ಮಾರ್ಕ 7. ಹೆತ್ತವರಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಆತನು ಖಂಡಿಸಿದನು. ಕೊನೆಗೆ ಯೋಹಾನ 19. ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿರುವಾಗ ತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಶಿಷ್ಯನಿಗೆ ಒಪ್ಪಿಸಿದನು. ಹಾಗಾದರೆ ಕಠಿಣ ಮಾತು ಕರಗಿಹೋಯಿತೇ? ಇಲ್ಲ. ಮನೆಯವರು ಯೇಸುವನ್ನು ಬಿಡು ಎಂದಾಗ ಬಿಡಲಾಗದು ಎಂಬುದು ಹಾಗೆಯೇ ಉಳಿಯುತ್ತದೆ, ಅದರ ನೋವೂ ಉಳಿಯುತ್ತದೆ. ಅದನ್ನು ಮೃದುಗೊಳಿಸಿ ಹೇಳುವುದು ನ್ಯಾಯವಲ್ಲ.

ಕೆಲವು ಪ್ರಶ್ನೆಗಳಲ್ಲಿ ಅರ್ಥಕ್ಕಿಂತ ಮೊದಲು ಕೇಳುವವರ ಸುರಕ್ಷತೆ ನೋಡಬೇಕು. ಒಬ್ಬ ಹೆಂಗಸು ತಗ್ಗಿದ ದನಿಯಲ್ಲಿ, "ಅಕ್ಕಾ, ಇನ್ನೊಂದು ಕೆನ್ನೆಯನ್ನೂ ತೋರಿಸು ಎಂದರೆ ಎಷ್ಟು ದಿನ?" ಎಂದು ಕೇಳಿದರೆ ಅದು ವ್ಯಾಖ್ಯಾನದ ಪ್ರಶ್ನೆಯಲ್ಲ. ಮನೆಯಲ್ಲಿ ಹೊಡೆತ ಬೀಳುತ್ತಿದೆಯೇ ಎಂದು ನೇರವಾಗಿ ಕೇಳಿ. ಹೌದಾದರೆ ಮೊದಲು ಸುರಕ್ಷಿತ ಜಾಗ, ಆಸ್ಪತ್ರೆ, ಕಾನೂನಿನ ನೆರವು; ಸಹಿಸಿಕೊಂಡು ಪ್ರಾರ್ಥಿಸು ಎಂದು ಹೇಳಿ ಅದೇ ಮನೆಗೆ ಕಳುಹಿಸಬೇಡಿ. ಅಪಾಯ ದಾಟಿದ ಮೇಲೆ ವಾಕ್ಯ ತೆರೆಯಿರಿ. ಮತ್ತಾಯ 5:39 ಸೇಡು ತೀರಿಸಿಕೊಳ್ಳಬೇಡ ಎನ್ನುತ್ತದೆ, ಹೊಡೆಯುವವನ ಕೈಗೆ ನಿನ್ನನ್ನು ಒಪ್ಪಿಸಿಕೊಂಡಿರು ಎನ್ನುವುದಿಲ್ಲ. ಮಹಾಯಾಜಕನ ಮುಂದೆ ಏಟು ಬಿದ್ದಾಗ ಯೇಸು, ನನ್ನನ್ನು ಯಾಕೆ ಹೊಡೆಯುತ್ತೀ ಎಂದು ಕೇಳಿದನು. ದಾವೀದ ಸೌಲನ ಈಟಿಯಿಂದ ತಪ್ಪಿಸಿಕೊಂಡು ಓಡಿದನು. ಕೊರಡೆಯಿಂದ ಹೊಡೆಯಲು ಬಿಗಿದಾಗ ಪೌಲ ತನ್ನ ರೋಮನ್ ಪೌರತ್ವವನ್ನು ಮುಂದಿಟ್ಟನು. ಇವರಲ್ಲಿ ಯಾರೂ ನಂಬಿಕೆ ಕಳೆದುಕೊಂಡವರಲ್ಲ.

ಔಷಧಿಯ ವಿಷಯದಲ್ಲೂ ಇದೇ ಎಚ್ಚರ. ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ಮಾತ್ರೆ ನಿಲ್ಲಿಸಲೇ ಎಂದು ಕೇಳಿದವರಿಗೆ ನಿಲ್ಲಿಸಬೇಡಿ, ವೈದ್ಯರನ್ನೇ ಕೇಳಿ ಎಂದು ಮೊದಲು ಹೇಳಿ. ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದನು. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಬರೆದನು. ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದನು. ರೋಗ ವಾಸಿಮಾಡಿದ ಅದೇ ಅಪೊಸ್ತಲನ ಮಾತುಗಳಿವು.

ದೇವರ ಮುಂದೆ ನೀತಿವಂತನೆನಿಸುವುದು ಹೇಗೆ ಎಂಬುದಕ್ಕೆ ಪೌಲ ನಂಬಿಕೆಯಿಂದ ಎನ್ನುತ್ತಾನೆ, ಯಾಕೋಬ ಕ್ರಿಯೆಗಳಿಂದ ಎನ್ನುತ್ತಾನೆ, ಯಾರು ಸರಿ ಎಂಬ ಪ್ರಶ್ನೆಗೆ ಉದ್ದ ಉಪನ್ಯಾಸ ಬೇಕಿಲ್ಲ. ಇಬ್ಬರೂ ಅಬ್ರಹಾಮನನ್ನೇ ತೋರಿಸುತ್ತಾರೆ. ರೋಮಾಪುರದವರಿಗೆ 4 ಆಧರಿಸಿಕೊಳ್ಳುವುದು ಆದಿಕಾಂಡ 15:6ನ್ನು; ಯಾಕೋಬ 2 ಅದೇ ವಚನವನ್ನು ಎತ್ತಿಕೊಂಡು ಆದಿಕಾಂಡ 22ಕ್ಕೆ, ಇಸಾಕನನ್ನು ಅರ್ಪಿಸಿದ ಬೆಟ್ಟಕ್ಕೆ ಹೋಗುತ್ತದೆ. ಎರಡನ್ನೂ ಓದಿಸಿ ಬಿಟ್ಟುಬಿಡಿ, ಅವರೇ ಜೋಡಿಸುತ್ತಾರೆ.

ಸಭೆಗಳ ನಡುವೆ ಭಿನ್ನಾಭಿಪ್ರಾಯ ಇರುವಲ್ಲಿ, ಉದಾಹರಣೆಗೆ ಶಿಶುಗಳಿಗೆ ದೀಕ್ಷಾಸ್ನಾನ, ಪವಿತ್ರಾತ್ಮನ ಪ್ರೇರಣೆಯಿಂದ ಅನ್ಯಭಾಷೆಗಳಲ್ಲಿ ಮಾತನಾಡುವುದು, ಕಡೇ ದಿನಗಳ ಕ್ರಮ, ಅದನ್ನು ಮುಚ್ಚಿಡಬೇಡಿ. ನಮ್ಮ ಸಭೆ ಹೀಗೆ ಬೋಧಿಸುತ್ತದೆ, ಕರ್ತನನ್ನು ಪ್ರೀತಿಸುವ ಇತರರು ಹೀಗೆ ತಿಳಿಯುತ್ತಾರೆ, ಇಬ್ಬರೂ ಆಧರಿಸುವ ವಚನಗಳು ಇವು ಎಂದು ಹೇಳಿ. ಮಾರ್ಕ 16ರ ಕೊನೆಯ ಹನ್ನೆರಡು ವಚನಗಳಿಗೆ ಕಂಸ ಏಕೆ ಎಂದು ಕೇಳಿದರೂ ನಿಜವನ್ನೇ ಹೇಳಿ: 4ನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್ ಎರಡರಲ್ಲೂ ಆ ಸುವಾರ್ತೆ 16:8ಕ್ಕೆ ನಿಲ್ಲುತ್ತದೆ. ಪುನರುತ್ಥಾನದ ಸಂದೇಶ ಅದಕ್ಕೆ ಮೊದಲೇ, 6ನೆಯ ವಚನದಲ್ಲೇ ಇದೆ. ಇದನ್ನು ಸಭೆಯಲ್ಲೇ ಕೇಳಿಸಿಕೊಂಡವರು ಹೊರಗೆ ಯಾರೋ ಹೇಳಿದಾಗ ಕಂಗೆಡುವುದಿಲ್ಲ.

ಮಗುವನ್ನು ಕಳೆದುಕೊಂಡವರು "ದೇವರು ಯಾಕೆ ಹೀಗೆ ಮಾಡಿದ?" ಎಂದಾಗ ಮಾತ್ರ ಪುಸ್ತಕ ತೆರೆಯಬೇಡಿ. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತರು. ಆಮೇಲೆ ಕಾರಣ ವಿವರಿಸಲು ಹೊರಟು ದೇವರ ಕೋಪಕ್ಕೆ ಗುರಿಯಾದರು. ಯಾವುದೋ ಪಾಪದ ಫಲ ಎಂಬ ಮಾತು ನೆಂಟರ ಬಾಯಿಂದ ಬಂದಿದ್ದರೆ ಅದನ್ನು ತಡೆಯುವುದು ನಿಮ್ಮ ಕೆಲಸ. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ಯೇಸುವೇ ಹೇಳಿದ್ದಾನೆ. ಉಳಿದದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ಅದನ್ನು ಹಾಗೆಯೇ ಹೇಳುತ್ತೇನೆ, ಮತ್ತೆ ಮತ್ತೆ ಅವರ ಮನೆಗೆ ಹೋಗುತ್ತೇನೆ.

ಇನ್ನು, "ಯೇಸುವನ್ನು ಹಿಂಬಾಲಿಸಲು ನಾನೇನು ಮಾಡಲಿ?" ಎಂಬ ಪ್ರಶ್ನೆ. ಎಲ್ಲರಿಗೂ ಒಂದೇ ಪಟ್ಟಿ ಕೊಡಬೇಡಿ, ಆತನೂ ಕೊಡಲಿಲ್ಲ. ಐಶ್ವರ್ಯವಂತನಿಗೆ ಎಲ್ಲವನ್ನೂ ಮಾರು ಎಂದನು. ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆಂದ ಜಕ್ಕಾಯನ ಮನೆಗೆ ರಕ್ಷಣೆ ಬಂತೆಂದನು. ದೆವ್ವ ಬಿಟ್ಟವನು ಜೊತೆಗೇ ಬರುತ್ತೇನೆಂದು ಬೇಡಿಕೊಂಡರೂ ಮನೆಗೆ ಹೋಗಿ ನಡೆದದ್ದನ್ನು ತಿಳಿಸು ಎಂದನು. ಹೊಸಬರಿಗೆ ನಾನು ಮಾರ್ಕನ ಸುವಾರ್ತೆಯಿಂದ ಆರಂಭಿಸಲು ಹೇಳುತ್ತೇನೆ, ದಿನಕ್ಕೊಂದರಂತೆ ಹದಿನಾರು ಅಧ್ಯಾಯ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಿಂದ ಆರಂಭಿಸಬೇಡಿ ಎಂದೂ ಹೇಳುತ್ತೇನೆ. ಹಳಬರಿಗೆ ಬೇರೆ ಪ್ರಶ್ನೆ: ನಿಮಗೆ ಚೆನ್ನಾಗಿ ಅರ್ಥವಾಗಿಯೂ ಇನ್ನೂ ಮಾಡದೇ ಬಿಟ್ಟಿರುವ ವಚನ ಯಾವುದು? ಹೆಚ್ಚಿನವರು ತಡಮಾಡದೆ ಹೇಳುತ್ತಾರೆ. ಬಹಳ ಸಲ ಅದು ಮತ್ತಾಯ 5:23-24: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಮಾತು. ಯಾರೊಂದಿಗೆ ಎಂದು ಕೇಳುತ್ತೇನೆ. ಹೆಸರು ಬಾಯಿಗೆ ಬಂದ ಮೇಲೆ ಯಾವ ದಿನ ಮಾತನಾಡಿಸುತ್ತೀರಿ ಎಂದು ಕೇಳಿ, ಇಬ್ಬರೂ ಸೇರಿ ಅದಕ್ಕಾಗಿ ಪ್ರಾರ್ಥಿಸುತ್ತೇವೆ. ಮುಂದಿನ ಸಲ ಸಿಕ್ಕಾಗ ಹೊಸ ವಚನಕ್ಕೆ ಹೋಗುವ ಮೊದಲು ಆ ಫೋನ್ ಮಾಡಿದಿರಾ ಎಂದು ವಿಚಾರಿಸುತ್ತೇನೆ. ಇಲ್ಲವೆಂದರೆ ಏನು ಅಡ್ಡಬಂತು ಎಂದು ಕೇಳಿ, ಅಲ್ಲಿಂದಲೇ ಆ ದಿನದ ಓದು ಆರಂಭಿಸುತ್ತೇವೆ.