ಕರಗುವ ನೆಲದ ಉಸಿರು: ಫ್ರಿಜ್ ಮತ್ತು ಸುಣ್ಣದ ತಿಳಿಯಿಂದ ನೋಡುವುದು ಹೇಗೆ?

ಬೇಸಿಗೆಯಲ್ಲಿ ಬಾಯಿಬಿಟ್ಟು ನಿಲ್ಲುವ ವಿಜಯಪುರದ ಎರೆ ಹೊಲವನ್ನು ಕಂಡವರಿಗೆ, ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿ ಮಲಗಿರುವ ಸೈಬೀರಿಯಾದ ನೆಲ ದೂರದ ಮಾತೆನಿಸಬಹುದು. ಆದರೆ ಎರಡೂ ಕಡೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಕಾಯುವುದು ನೀರಿಗಾಗಿಯೇ. ಇಲ್ಲಿ ಅದು ಮೊದಲ ಮಳೆಯಾಗಿ ಬರುತ್ತದೆ, ಅಲ್ಲಿ ಮಣ್ಣೊಳಗಿನ ಮಂಜು ಕರಗಿ ಒದಗುತ್ತದೆ.

ಸತತ 2 ವರ್ಷವಾದರೂ ಶೂನ್ಯ ಡಿಗ್ರಿ ಸೆಲ್ಸಿಯಸ್ ಮೀರದೆ ಉಳಿಯುವ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಸೈಬೀರಿಯಾ, ಅಲಾಸ್ಕಾ, ಕೆನಡಾಗಳಲ್ಲಿ ಹರಡಿರುವ ಇದು ನಮ್ಮ ಲಡಾಖಿನ ಎತ್ತರದ ಭಾಗಗಳಲ್ಲೂ ಇದೆ. ಉತ್ತರ ಗೋಳಾರ್ಧದ ಇಂಥ ನೆಲದಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ, ಅಂದರೆ ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡರಷ್ಟು, ಪೂರ್ತಿ ಕೊಳೆಯದ ಬೇರು, ಎಲೆಗಳ ರೂಪದಲ್ಲಿ ಸೇರಿಕೊಂಡಿದೆ. ನೆಲ ಕರಗಿದಾಗ ಸೂಕ್ಷ್ಮಜೀವಿಗಳು ಇದನ್ನು ತಿನ್ನತೊಡಗುತ್ತವೆ. ಗಾಳಿಯಾಡುವ ಕಡೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ; ನೀರು ನಿಂತ ಜೌಗಿನಲ್ಲಿ ಅದರೊಂದಿಗೆ, 100 ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ 25 ಪಟ್ಟಿಗೂ ಹೆಚ್ಚು ಶಾಖ ಹಿಡಿಯುವ ಮೀಥೇನ್ ಕೂಡ ಹುಟ್ಟುತ್ತದೆ. ಈ ಉಸಿರಾಟದ ಒಂದು ತುಣುಕನ್ನು ಮನೆಯಲ್ಲೇ ನೋಡಬಹುದು.

ಮೊದಲು ಮಣ್ಣು. ಹೊಲದ ನಡುವಿನ ಮಣ್ಣಿಗಿಂತ, ಬದುವಿನ ಮರದ ಕೆಳಗೆ ಎಲೆ ಕೊಳೆತಿರುವ ಕಡೆಯ ಮೇಲ್ಮಣ್ಣು ಉತ್ತಮ. ಸುಮಾರು 3 ಕಿಲೋ ತಂದು, ಜರಡಿ ಹಿಡಿದು, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಮಾತ್ರ ಜಿನುಗಬಾರದು ಎನ್ನುವ ಹದಕ್ಕೆ ನೀರು ಚಿಮುಕಿಸಿರಿ. ಅರ್ಧವನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡಿ, ಉಳಿದರ್ಧ ನೆರಳಿನಲ್ಲಿರಲಿ. ನಮ್ಮ ಮನೆಯಲ್ಲಿ ಮೊದಲ ಸಲ ನಡುವೆ ಅರ್ಧ ದಿನ ಕರೆಂಟ್ ಹೋಗಿ ಮಣ್ಣು ಕರಗಿಬಿಟ್ಟಿತ್ತು. ಹಾಗಾದರೆ ದಿನ ಎಣಿಸುವುದನ್ನು ಮತ್ತೆ ಮೊದಲಿನಿಂದ ಆರಂಭಿಸುವುದೇ ಸರಿ.

ಏಳನೆಯ ದಿನ ರಾತ್ರಿ, ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಒಂದು ಚಮಚದಷ್ಟು ಒಂದು ಲೀಟರ್ ನೀರಿನಲ್ಲಿ ಕಲಕಿ, ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಮೆಲ್ಲಗೆ ಬಸಿದುಕೊಳ್ಳಬೇಕು. ಇದು ಕಣ್ಣಿಗೆ ಬಿದ್ದರೆ ಅಪಾಯವಾದ್ದರಿಂದ ಮಕ್ಕಳ ಕೈಗೆ ಕೊಡಬೇಡಿ.

ಎಂಟನೆಯ ದಿನ ಫ್ರೀಜರಿನ ಮಣ್ಣನ್ನು ಹೊರಗಿಟ್ಟು, ಅದರ ತಂಪು ಪೂರ್ತಿ ಇಳಿದ ಮೇಲೆ 200 ಗ್ರಾಂ ತೂಗಿ, ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ. ನೆರಳಿನ ಮಣ್ಣೂ ಅಷ್ಟೇ ಎರಡನೆಯ ಭರಣಿಗೆ. ಅದೇ ಮಣ್ಣಿನ ಇನ್ನೊಂದು 200 ಗ್ರಾಂ ಪಾಲನ್ನು ಡಬ್ಬಿಯಲ್ಲಿ ಮುಚ್ಚಿ, ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ, ಆರಿಸಿ, ಮೂರನೆಯದಕ್ಕೆ ಹಾಕಬೇಕು. ನಮ್ಮ ಎರೆಯಲ್ಲಿ ಸುಣ್ಣದ ಹರಳುಗಳಿರುವುದರಿಂದ, ಬಂದ ಗಾಳಿ ಜೀವಿಗಳದ್ದೇ ಎಂದು ಖಚಿತಪಡಿಸಿಕೊಳ್ಳಲು ಈ ಮೂರನೆಯ ಭರಣಿ ಬೇಕೇ ಬೇಕು. ಪ್ರತಿಯೊಂದರೊಳಗೂ ಸುಣ್ಣದ ತಿಳಿ ತುಂಬಿದ ಪುಟ್ಟ ಬಟ್ಟಲಿಟ್ಟು, ಅಂಚಿಗೆ ವ್ಯಾಸಲಿನ್ ಸವರಿ, ಮುಚ್ಚಳ ಬಿಗಿ ಮಾಡಿ.

ಕೆಲವು ಗಂಟೆಗಳಲ್ಲಿ, ಮಣ್ಣಿನಿಂದ ಬಂದ ಇಂಗಾಲದ ಡೈಆಕ್ಸೈಡ್ ತಗುಲಿ, ತಿಳಿಯ ಮೇಲೆ, ಕಾಯಿಸಿದ ಹಾಲಿಗೆ ಕೆನೆ ಕಟ್ಟುವಂತೆ, ತೆಳ್ಳನೆಯ ಬಿಳಿ ಪದರ ಮೂಡುತ್ತದೆ. ಆಮೇಲೆ ಕಡ್ಡಿ ತಾಗಿಸಿದರೆ ಚೂರುಚೂರಾಗಿ ತಳಕ್ಕಿಳಿಯುತ್ತದೆ. ಯಾವ ಭರಣಿಯಲ್ಲಿ ಮೊದಲು ಬಂತು, ಎಷ್ಟು ದಪ್ಪವಾಯಿತು ಎಂಬುದನ್ನು ಎರಡು ದಿನ ಬರೆದಿಡಿ. ಸಾಮಾನ್ಯವಾಗಿ ಕರಗಿದ ಮಣ್ಣು ಮುಂದಿರುತ್ತದೆ. ಮಂಜಿನ ಹರಳುಗಳು ಕೆಲವು ಸೂಕ್ಷ್ಮಜೀವಿಗಳ ಕೋಶಗಳನ್ನೇ ಒಡೆದಿರುತ್ತವೆ. ಆ ರಸ ಉಳಿದವುಗಳಿಗೆ ಊಟವಾಗಿ, ಅವು ಒಮ್ಮೆಲೇ ಚುರುಕಾಗುತ್ತವೆ. ಬೇಯಿಸಿದ ಮಣ್ಣಿನ ಬಟ್ಟಲೂ ಅಷ್ಟೇ ಬೇಗ ಬಿಳುಪಾದರೆ ಮುಚ್ಚಳ ಸೋರುತ್ತಿದೆಯೇ ನೋಡಿ.

ಇದೇ ಊಟದಿಂದ ಸಾರಜನಕವೂ ಬಿಡುಗಡೆಯಾಗುತ್ತದೆ. ಅದು ಗಿಡಕ್ಕೆ ಸಿಗುತ್ತದೆಯೇ ಎಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ. ಉತ್ತರ ಧ್ರುವದ ಸುತ್ತಲಿನ ನಾಡಿನಲ್ಲಿ ನೆಲ ಅತಿ ಆಳಕ್ಕೆ ಕರಗುವುದು ಬೇಸಿಗೆಯ ಕೊನೆಗೆ, ಹೆಚ್ಚಿನ ಗಿಡಗಳ ಎಲೆ ಹಳದಿಯಾಗುವ ಹೊತ್ತಿಗೆ. ಮೇಲೆ ಮೇಲೆ ಬೇರು ಹರಡುವ ಪೊದೆಗಳಿಗೆ ಆ ಆಳದ ಗೊಬ್ಬರ ಎಟುಕುವುದು ಕಷ್ಟ. ಕರಗುವ ಪದರವನ್ನೇ ಹಿಂಬಾಲಿಸಿ ಬೇರಿಳಿಸುವ, ನಮ್ಮ ಹೊಲದ ಜೇಕಿನ ಬಳಗಕ್ಕೆ ಸೇರಿದ, ಅರಳೆಯಂಥ ತೆನೆ ಬಿಡುವ ಹುಲ್ಲಿಗೆ ಅದು ದಕ್ಕುತ್ತದೆ. ಒಣಗಿದ ಮಣ್ಣು ನೆನೆದಾಗ ಸಾರಜನಕದ ಇಂಥದೇ ಉಕ್ಕು ಬರುತ್ತದೆಂಬುದನ್ನು ಕೀನ್ಯಾದಲ್ಲಿ ದುಡಿದ ವಿಜ್ಞಾನಿ ಬರ್ಚ್ 1958ರಲ್ಲಿ ವಿವರಿಸಿದರು. ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಬಯಲು ಬಿಟ್ಟ ಎರೆ ಹೊಲದಲ್ಲಿ ಆ ಉಕ್ಕಿನ ಹೊತ್ತಿಗೆ ಕುಡಿಯುವ ಬೇರೇ ಇರುವುದಿಲ್ಲ. ಮುಂಗಾರಿಗೆ ಹೆಸರು ಬಿತ್ತಿದವರ ಹೊಲದಲ್ಲಿ ಇರುತ್ತದೆ.

ಕೊನೆಯ ಹಂತದಲ್ಲಿ, ತಳಕ್ಕೆ ತೂತಿರುವ ಮೂರು ಲೋಟ ತೆಗೆದುಕೊಳ್ಳಿ. ಒಂದಕ್ಕೆ ನೆರಳಿನ ಮಣ್ಣು, ಉಳಿದೆರಡಕ್ಕೆ ಕರಗಿದ ಮಣ್ಣು ತುಂಬಿ. ನೆರಳಿನ ಮಣ್ಣಿಗೂ ಕರಗಿದ ಮಣ್ಣಿನ ಒಂದು ಲೋಟಕ್ಕೂ ಅಂದೇ ಐದೈದು ಜೋಳದ ಕಾಳು ಬಿತ್ತಿ ಹದವಾಗಿ ನೀರು ಕೊಡಿ. ಮೂರನೆಯದನ್ನು ಬಯಲು ಹೊಲದಂತೆ ಬಿತ್ತದೆ ಬಿಟ್ಟು, ಮೂರು ವಾರ ತಳದಿಂದ ಹರಿದುಹೋಗುವಷ್ಟು ನೀರು ಹಾಕುತ್ತ ಬನ್ನಿ; ಆಮೇಲೆ ಬಿತ್ತಿ. ಪ್ರತಿ ಲೋಟದ ಸಸಿಗೆ ಇಪ್ಪತ್ತು ದಿನ ತುಂಬಿದಾಗ ಎತ್ತರವನ್ನು ಅಳೆದು, ಕೆಳಗಿನ ಎಲೆಗಳ ಹಸಿರನ್ನು ಹೋಲಿಸಿ. ಸಾರಜನಕ ಸಾಲದ ಜೋಳದಲ್ಲಿ ಹಳದಿ ತಿರುಗುವುದು ಮೊದಲು ಆ ಎಲೆಗಳೇ.