ಹಾವು ತಾನಾಗಿ ಚೀಲಕ್ಕೆ ಹೋಗಬೇಕು: ಬೆಂಗಳೂರಿನ ಮನೆಗಳಲ್ಲಿ ಹಾವು ಹಿಡಿಯುವ ಕೆಲಸ

ಹಾವು ಬಂದಿದೆ ಎಂದು ಕರೆ ಬಂದಾಗ ನನ್ನ ಮೊದಲ ಪ್ರಶ್ನೆ ಒಂದೇ: "ಈಗ ಕಣ್ಣಿಗೆ ಕಾಣ್ತಾ ಇದೆಯಾ ಸಾರ್?" ಕಾಣುತ್ತಿದ್ದರೆ ಒಬ್ಬರು 8–10 ಅಡಿ ದೂರ ನಿಂತು ಕಣ್ಣು ಕೀಳದೆ ನೋಡುತ್ತಿರಬೇಕು. ಉಳಿದವರು ಮಕ್ಕಳನ್ನೂ ನಾಯಿಯನ್ನೂ ಕರೆದುಕೊಂಡು ಹೊರಗೆ ಹೋಗಬೇಕು. ನಾನು ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಅದು ಯಾವ ಸಂದಿ ಸೇರಿತೋ ಯಾರಿಗೂ ಗೊತ್ತಿಲ್ಲವೆಂದರೆ, ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಕೋಣೆಯೊಳಗಿದ್ದರೆ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹೊರಗಡೆಯಿಂದ ದಪ್ಪ ಬಟ್ಟೆ ತುರುಕಿದರೆ ಸಾಕು. ಫಿನಾಯಿಲ್, ಸೀಮೆಎಣ್ಣೆ ಸುರಿಯಬೇಡಿ. ಅದರಿಂದ ಹಾವಿನ ಮೈ ಸುಡುತ್ತದೆ. ಅದು ಹೊರಗೆ ಬರುವ ಬದಲು ಇನ್ನೂ ಒಳಕ್ಕೆ ಸರಿಯುತ್ತದೆ.

ಫೋಟೋ ಬೇಕು, ಆದರೆ ದೂರದಿಂದ ಜೂಮ್ ಮಾಡಿ ತೆಗೆದದ್ದು. ನಗರದಲ್ಲಿ ಹೆಚ್ಚಾಗಿ ಸಿಗುವುದು ಕೇರೆ ಮತ್ತು ನಾಗರ; ಕೆರೆ ಪಕ್ಕದ ಬಡಾವಣೆಗಳಲ್ಲಿ ನೀರುಹಾವು. ಕಟ್ಟುಹಾವಿಗೂ ವಿಷವಿಲ್ಲದ ತೋಳಹಾವಿಗೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ತೋಳಹಾವಿನ ಪಟ್ಟೆಗಳು ಕುತ್ತಿಗೆಯ ಹತ್ತಿರ ಎದ್ದು ಕಂಡು ಬಾಲದ ಕಡೆಗೆ ಮಾಸುತ್ತವೆ, ಕಟ್ಟುಹಾವಿನದು ಇದಕ್ಕೆ ತಿರುಗುಮುರುಗು. ನನಗೆ ಹೆಚ್ಚು ಭಯ ಹುಟ್ಟಿಸುವುದು "ಹೆಬ್ಬಾವಿನ ಮರಿ" ಎಂಬ ಮಾತು. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಅಂಡಾಕಾರದ ಕಲೆಗಳಿದ್ದರೆ ಅದು ಕೊಳಕುಮಂಡಲ. ಹೆಬ್ಬಾವಿನ ಕಲೆಗಳಿಗೆ ಒಂದೇ ಆಕಾರವಿರುವುದಿಲ್ಲ. ಮರಿಯೆಂದು ಕೈಯಲ್ಲಿ ಎತ್ತಲು ಹೋದವರ ಗತಿ ಏನೆಂದು ಹೇಳಬೇಕಿಲ್ಲ.

ಇನ್ನು ಹಿಡಿಯುವ ವಿಧಾನ. ತಲೆ ಒತ್ತಿ ಕುತ್ತಿಗೆ ಹಿಡಿಯುವುದನ್ನು ನಾನು ಮಾಡುವುದಿಲ್ಲ. ಹಾವಿನ ದವಡೆ, ಕುತ್ತಿಗೆಯ ಮೂಳೆ ಪೆಟ್ಟಾಗುವುದೂ ಹಿಡಿಯುವವರು ಕಚ್ಚಿಸಿಕೊಳ್ಳುವುದೂ ಆ ಹಿಡಿತದಲ್ಲೇ. ಇಕ್ಕಳವನ್ನು ಬಿಗಿಯಾಗಿ ಒತ್ತಿದರೆ ಪಕ್ಕೆಲುಬು ಮುರಿಯುತ್ತದೆ. ಹೆದರಿದ ಹಾವು ಕತ್ತಲೆಯ ಬಿಲ ಹುಡುಕುತ್ತದೆ; ಆ ಬಿಲವನ್ನು ನಾವೇ ಒದಗಿಸಿದರೆ ಮುಗಿಯಿತು. ಅದಕ್ಕೆ 4 ಇಂಚಿನ ಪಿವಿಸಿ ಪೈಪು, ಸುಮಾರು 2 ಅಡಿ ಉದ್ದದ್ದು, ಎರಡೂ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದು. ಒಂದು ತುದಿಗೆ ಕಪ್ಪು ಕಾಟನ್ ಚೀಲ, 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೆರಡು ಹೊಲಿಗೆ. ಹೊಲಿಗೆಯ ಅಂಚು ಹೊರಗಿರಲಿ, ಒಳಗಿದ್ದರೆ ಬಿಚ್ಚಿದ ನೂಲು ಹಾವಿಗೆ ಸುತ್ತಿಕೊಳ್ಳುತ್ತದೆ. ಚೀಲವನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟುತ್ತೇನೆ. ಬರೀ ರಬ್ಬರ್ ಬ್ಯಾಂಡ್ ಹಾಕಿದರೆ ಐದಡಿಯ ನಾಗರ ಒಳಗೆ ನುಗ್ಗಿದ ರಭಸಕ್ಕೆ ಚೀಲ ಕಳಚಿ ಬರುತ್ತದೆ.

ಪೈಪನ್ನು ಗೋಡೆಗೆ ತಾಗಿಸಿ ಇಡಬೇಕು, ಏಕೆಂದರೆ ಹಾವು ಗೋಡೆಯಂಚು ಹಿಡಿದೇ ಹೋಗುತ್ತದೆ. ಪೈಪಿನ ಬಾಯಿ ಹಾವಿನ ಕಡೆಗೆ, ಜನ ಹಾವಿನ ಹಿಂದೆ ದೂರದಲ್ಲಿ. ಪೈಪಿನ ಆಚೆ ಯಾರಾದರೂ ನಿಂತು ಕಾಲು ಅಲ್ಲಾಡಿಸಿದರೂ ಹಾವು ಆ ಕಡೆ ಮುಖ ಹಾಕುವುದಿಲ್ಲ. 4 ಅಡಿಯ ಕೊಕ್ಕೆಯಿಂದ ಬಾಲದ ಕಡೆ ಮೆಲ್ಲಗೆ ತಾಕಿಸಿ ಕಾಯಬೇಕು. ಒಳಗೆ ಇಣುಕಿ ವಾಪಸ್ ಬಂದರೆ ಎರಡೇ ಕಾರಣ: ಚೀಲದೊಳಗೆ ಬೆಳಕು ಬೀಳುತ್ತಿದೆ, ಇಲ್ಲವೇ ಚೀಲ ಪೈಪಿನ ಬಾಯಲ್ಲೇ ಮಡಚಿಕೊಂಡು ಹಾದಿ ಕಟ್ಟಿದೆ. ಚೀಲವನ್ನು ನೀಟಾಗಿ ಹಿಂದಕ್ಕೆ ಎಳೆದು ಹರಡಿರಬೇಕು.

ಬಾಲ ಪೂರ್ತಿ ಒಳಗೆ ಹೋದ ಮೇಲೆ ಪೈಪಿನ ಬಾಯನ್ನು ಮೇಲೆತ್ತಿದರೆ ಹಾವು ಚೀಲದ ತಳಕ್ಕೆ ಇಳಿಯುತ್ತದೆ. ಅತಿ ಎಚ್ಚರ ಬೇಕಾದ ಗಳಿಗೆ ಇದು. ಪೈಪಿಗೂ ಹಾವಿಗೂ ನಡುವೆ ಚೀಲದ ಮೇಲೆ ಕೊಕ್ಕೆಯ ಹಿಡಿಯನ್ನು ಅಡ್ಡ ಒತ್ತಿ, ಹಾವು ಅದರಾಚೆಯೇ ಇದೆ ಎಂದು ನೋಡಿಕೊಂಡ ಮೇಲೆಯೇ ಪೈಪು ಬಿಡಿಸಿ, ಬಟ್ಟೆ ತಿರುಚಿ ಗಂಟು ಹಾಕುವುದು. ವಿಷಹಲ್ಲು ಬಟ್ಟೆಯನ್ನು ಸಲೀಸಾಗಿ ತೂರುತ್ತದೆ, ಹಾಗಾಗಿ ಗಂಟಿನ ಕೆಳಗೆ ಕೈ ಇಡಬಾರದು, ಚೀಲವನ್ನು ಮೈಗೆ ತಾಗುವಂತೆ ಹಿಡಿಯಬಾರದು. ಗಂಟು ಹಾಕಿದ ಚೀಲ ನೇರವಾಗಿ ಬಕೆಟ್ಟಿಗೆ, ಅದರ ಮುಚ್ಚಳಕ್ಕೆ ತೂತು ಕೊರೆದಿರಬೇಕು. ತರಬೇತಿ ಇಲ್ಲದವರು ಇದನ್ನು ಓದಿ ಪ್ರಯತ್ನಿಸಬಾರದು; ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಸ್ಕೂಟರಿನೊಳಗೆ ಸೇರಿದ್ದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ, ನೀರೂ ಹೊಡೆಯಬೇಡಿ. ಗಾಡಿ ತಣ್ಣಗಾದ ಮೇಲೆ ಪ್ಯಾನೆಲ್‌ಗಳನ್ನು ಒಂದೊಂದಾಗಿ ಬಿಚ್ಚಬೇಕು. ಇಲಿಯ ಅಂಟುಹಲಗೆಗೆ ಸಿಕ್ಕ ಹಾವನ್ನು ಎಳೆದರೆ ಚರ್ಮವೇ ಕಿತ್ತು ಬರುತ್ತದೆ. ಅಡುಗೆ ಎಣ್ಣೆಯನ್ನು ಬಾಲದ ಕಡೆಯಿಂದ ಸವರುತ್ತಾ ಅಂಟು ಸಡಿಲವಾದಷ್ಟೇ ಬಿಡಿಸುತ್ತೇನೆ, ತಲೆಯನ್ನು ಕೊನೆಗೆ, ಮೂಗಿನ ಹೊಳ್ಳೆಗೆ ಎಣ್ಣೆ ಹೋಗದಂತೆ.

ನಾಗರ ಬಂದರೆ ಹಾಲು, ಕರ್ಪೂರ ತರುವವರಿದ್ದಾರೆ. "ಅಮ್ಮ, ದೂರದಿಂದಲೇ ಕೈ ಮುಗೀರಿ, ಹಾಲು ಅದಕ್ಕೆ ಆಹಾರವಲ್ಲ" ಎಂದರೆ ಕೇಳುತ್ತಾರೆ. ಬೇಸಿಗೆಯ ಕೊನೆಯಿಂದ ಮಳೆಗಾಲದ ಆರಂಭದವರೆಗೆ ನಾಗರನ ಮರಿಗಳ ಕಾಲ. ಒಂದು ಮರಿ ಕಂಡರೆ ಹತ್ತಿರದಲ್ಲೇ ಇನ್ನೂ ಇರುತ್ತವೆ, ಅಕ್ಕಪಕ್ಕದ ಮನೆಗಳಿಗೂ ಹೇಳಿ. ಒಂದಡಿಯೂ ಇಲ್ಲದ ಮರಿಗೂ ವಿಷ ಇದ್ದೇ ಇರುತ್ತದೆ.

ಹಿಡಿದ ಹಾವನ್ನು ಬನ್ನೇರುಘಟ್ಟದ ಕಾಡಿಗೆ ಬಿಡಿ ಎಂದು ಎಲ್ಲರೂ ಕೇಳುತ್ತಾರೆ. ಅದು ಹಾವಿಗೆ ಒಳ್ಳೆಯದಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಲ, ನೀರು, ಬೇಟೆ ಹುಡುಕುತ್ತಾ ಅಲೆದು ರಸ್ತೆಗೆ, ನಾಯಿಗೆ ಸಿಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ಆದಷ್ಟು ಹತ್ತಿರದ ಕೆರೆಯಂಚು ಅಥವಾ ಪೊದೆ ಇರುವ ಜಾಗದಲ್ಲಿ ಬಿಸಿಲು ಇಳಿದ ಮೇಲೆ ಬಿಡುತ್ತೇನೆ.

ಅಕಸ್ಮಾತ್ ಕಚ್ಚಿದರೆ ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಮಾಡಿ 108ಕ್ಕೆ ಕರೆ ಮಾಡಿ. ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಟ್ಟುಹಾವಿನ ಕಡಿತ ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ತಡ ಮಾಡಬಾರದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಒಂದೇ ಔಷಧ, ಹಾವನ್ನು ಕೊಂದು ಒಯ್ಯಬೇಕಿಲ್ಲ.

ಹೊರಡುವ ಮುನ್ನ ಮನೆಯನ್ನು ಒಂದು ಸುತ್ತು ಹಾಕುತ್ತೇನೆ. ಇಲಿ ಇರುವಲ್ಲಿಗೆ ಹಾವು ಬರುತ್ತದೆ, ಇಲಿ ಬರುವುದು ಕಸಕ್ಕೆ ಮತ್ತು ನಾಯಿಗೆ ಇಟ್ಟು ಉಳಿದ ಅನ್ನಕ್ಕೆ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೂ ರಬ್ಬರ್ ಪಟ್ಟಿ ಹಾಕಿಸಿ. ಬಚ್ಚಲಿನ ಮೋರಿಗೆ, ಸಂಪಿನ ಓವರ್‌ಫ್ಲೋ ಪೈಪಿಗೆ 6 ಮಿ.ಮೀ. ಕಣ್ಣಿನ ಲೋಹದ ಜಾಲರಿ ಕೂರಿಸಿ. ಕಾಂಪೌಂಡಿಗೆ ಒರಗಿಸಿದ ಟೈಲ್ಸ್, ಇಟ್ಟಿಗೆ, ತೆಂಗಿನ ಗರಿಯ ರಾಶಿಯನ್ನು ಕೈಗವಸು, ಗಮ್‌ಬೂಟು ಹಾಕಿಕೊಂಡು ಹಗಲಿನಲ್ಲೇ, ಮೇಲಿನಿಂದ ಒಂದೊಂದಾಗಿ ತೆಗೆಯಿರಿ.