ಕಿವಿಗೆ ಕೇಳುವ ಪ್ರಸ್ತಾರ

ಪದವಿ ತರಗತಿಗೆ ಛಂದಸ್ಸು ಪಾಠ ಮಾಡುತ್ತೇನೆ. ಟಿಪ್ಪಣಿಗಳನ್ನು ಪಿಡಿಎಫ್ ಮಾಡಿ ಆನ್‌ಲೈನ್‌ನಲ್ಲಿ ಹಾಕುವುದು ನನ್ನ ಹಳೆಯ ರೂಢಿ. ಒಂದು ವರ್ಷ ಕಣ್ಣು ಕಾಣದ ಹುಡುಗನೊಬ್ಬ ಸೇರಿದ. ಎರಡನೇ ವಾರ ಫೋನನ್ನು ನನ್ನ ಕಿವಿಯ ಹತ್ತಿರ ತಂದು, "ಮೇಡಂ, ನಿಮ್ಮ ನೋಟ್ಸ್ ಕೇಳಿ" ಅಂದ. ಒಂದಕ್ಷರ ಕನ್ನಡವಿಲ್ಲ.

ತಪ್ಪು ನನ್ನದೇ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಬಿಟ್ಟು ಹಳೆಯ ಆಸ್ಕಿ ಅಕ್ಷರದಲ್ಲೇ ಟೈಪಿಸುತ್ತಿದ್ದೆ. ಅದರಲ್ಲಿ 'ಕನ್ನಡ' ಎಂದು ಕಾಣುವ ಪದದೊಳಗೆ ಇರುವುದು ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಫೋನಿನಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ. ಎಲ್ಲವನ್ನೂ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದೆ.

ಆಮೇಲೂ 'ಕಂದ' ಎಂಬ ಪದ್ಯಜಾತಿಯ ಹೆಸರನ್ನು ಅವನ ಫೋನು "ಕ ಸೊನ್ನೆ ದ" ಎಂದಿತು. ನೋಡಿದರೆ, ಕೆಲವು ಕಡೆ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ ದುಂಡು! ನಾನು ಇಸವಿಗಳನ್ನು 1, 2, 3 ಅಂಕಿಗಳಲ್ಲೇ ಬರೆಯುವುದರಿಂದ, ಕನ್ನಡ ಸೊನ್ನೆಗಳನ್ನೆಲ್ಲ ಹುಡುಕಿ ಒಂದೇ ಏಟಿಗೆ ಬದಲಾಯಿಸಿದೆ.

ಶೀರ್ಷಿಕೆಗಳದು ಸಣ್ಣ ಕೆಲಸ. ದಪ್ಪ ಅಕ್ಷರ ಮಾಡಿದರೆ ಸಾಲದು, ಕಂಟ್ರೋಲ್ ಆಲ್ಟ್ 2 ಒತ್ತಿ ಹೆಡಿಂಗ್ ಎಂದೇ ಗುರುತು ಮಾಡಬೇಕು. ಆಗ ಲ್ಯಾಬಿನ ಕಂಪ್ಯೂಟರಿನಲ್ಲಿ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದಲ್ಲಿ ಎಚ್ ಕೀಲಿ ಒತ್ತುತ್ತಾ ಅವನು ರಗಳೆಯಿಂದ ಷಟ್ಪದಿಗೆ ಹಾರುತ್ತಾನೆ.

ಒದ್ದಾಡಿಸಿದ್ದು ಪ್ರಸ್ತಾರ, ಅಂದರೆ ಪದ್ಯದ ಅಕ್ಷರಗಳಿಗೆ ಲಘು, ಗುರು ಎಂದು ಗುರುತು ಹಾಕುವುದು. ಪದ್ಯದ ಸಾಲಿನ ನೆತ್ತಿಯ ಮೇಲೆ, ಒಂದು ಮಾತ್ರೆ ಕಾಲದಲ್ಲಿ ಉಚ್ಚರಿಸುವ ಲಘುವಿಗೆ ಯು, ಎರಡು ಮಾತ್ರೆಯ ಗುರುವಿಗೆ ಅಡ್ಡಗೆರೆ ಹಾಕಿ, ಸ್ಪೇಸ್ ಒತ್ತಿ ಒತ್ತಿ ಅಕ್ಷರಕ್ಕೆ ಸರಿಯಾಗಿ ಕೂರಿಸುವುದು ನಮ್ಮ ಕ್ರಮ. ಕೇಳುವವನಿಗೆ ಚಿಹ್ನೆಗಳೆಲ್ಲ ಮೊದಲು ಬಂದು, ಪದ್ಯ ಆಮೇಲೆ ಬರುತ್ತದೆ. ಯಾವ ಗುರು ಯಾರಿಗೋ! ಕೋಷ್ಟಕ ಮಾಡಿ ನೋಡಿದೆ. ಪ್ರತಿ ಅಕ್ಷರಕ್ಕೂ "ಸಾಲು 2, ಕಾಲಂ 5" ಎಂದು ಕೇಳಿ ಕೇಳಿ, "ಪದ್ಯಾನೇ ಮರೆತೋಯ್ತು ಮೇಡಂ" ಅಂದ. ಕೊನೆಗೆ ಗಣಕ್ಕೊಂದು, ಅಂದರೆ ಅಕ್ಷರಗಳ ಒಂದೊಂದು ಗುಂಪಿಗೊಂದು, ಸಾಲು ಕೊಟ್ಟೆ:

ಕನ್ನಡ: ಗುರು, ಲಘು, ಲಘು. 4 ಮಾತ್ರೆ.

ಕಂದದ ಮೊದಲ ಪಾದಕ್ಕೆ ಇಂಥ ಮೂರು ಸಾಲು, ಎರಡನೆಯದಕ್ಕೆ ಐದು. ಪುಟ ಉದ್ದವಾಯಿತು, ನಿಜ. ಆದರೆ ಕಣ್ಣಿರುವ ಮಕ್ಕಳೂ ಹಳೆಯದನ್ನು ಬಿಟ್ಟು ಇದನ್ನೇ ಬರೆದುಕೊಳ್ಳತೊಡಗಿದರು.

ಮೊನ್ನೆ ಹೊಸ ಪಾಠ ಹಾಕಿದ ಹತ್ತೇ ನಿಮಿಷಕ್ಕೆ ಅವನ ಸಂದೇಶ: "ಮೇಡಂ, ಮೂರನೇ ಸಾಲಲ್ಲಿ ಒಂದು ಸೊನ್ನೆ ಉಳಿದಿದೆ."